ಎಕ್ಸ್11 ಬೇಕೋ ವೇಲ್ಯಾಂಡ್ ಬೇಕೋ? ಮೊದಲು ಡೆಸ್ಕ್‌ಟಾಪ್ ಆರಿಸಿ

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಅರ್ಜಿ, ಕನ್ನಡ ಟೈಪಿಂಗ್, ಜೆರಾಕ್ಸ್ ಎಲ್ಲ ಮಾಡುತ್ತೇವೆ. ಮನೆಯಲ್ಲಿ 2014ರ ಲ್ಯಾಪ್‌ಟಾಪ್ ಇದೆ, 4 ಜಿಬಿ ರ್‍ಯಾಮ್. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತುಹೋಯಿತು, 11 ಅದರಲ್ಲಿ ಕೂರುವುದಿಲ್ಲ. ಅಂಗಡಿಗೆ ಎನ್ವಿಡಿಯಾ ಜಿಟಿಎಕ್ಸ್ 1650 ಕಾರ್ಡ್ ಇರುವ ಡೆಸ್ಕ್‌ಟಾಪ್ ಮತ್ತು 27 ಇಂಚಿನ 4ಕೆ ಮಾನಿಟರ್ ತಂದಿದ್ದೇನೆ. ಪಕ್ಕದಲ್ಲಿ ಹಳೆಯ 22 ಇಂಚಿನದ್ದೂ ಇದೆ. ಎರಡಕ್ಕೂ ಲಿನಕ್ಸ್ ಹಾಕೋಣ ಅಂತ ಕೇಳಿದರೆ ಒಬ್ಬರು ‘ವೇಲ್ಯಾಂಡ್ ಮುಟ್ಟಲೇಬೇಡಿ’ ಅನ್ನುತ್ತಾರೆ, ಇನ್ನೊಬ್ಬರು ‘ಎಕ್ಸ್11 ಸತ್ತೇಹೋಯ್ತು’ ಅನ್ನುತ್ತಾರೆ. ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಎಂಬ ಲಿನಕ್ಸ್ ಡೆಸ್ಕ್‌ಟಾಪ್‌ಗಳ ಬಗ್ಗೆಯೂ ಹತ್ತು ಜನ ಹತ್ತು ಮಾತು. ಏನು ಮಾಡಲಿ? ಕನ್ನಡ ಟೈಪಿಂಗ್ ಕೆಡಬಾರದು, ನನಗೆ ಅಷ್ಟೇ ಮುಖ್ಯ. ಹಳೇ ನುಡಿ ಫೈಲುಗಳೂ ರಾಶಿ ಇವೆ.

ಉತ್ತರ: ಮನೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಹಾಕಿ. ಅದು ಎಕ್ಸ್11 ಮೇಲೆ ಓಡುತ್ತದೆ, ಓಡಲಿ ಬಿಡಿ. ಅಂಗಡಿಯ ಮಷಿನ್‌ಗೆ ಫೆಡೋರಾದ (ಮಿಂಟ್‌ನಂತೆ ಇದೂ ಒಂದು ಬಗೆಯ ಲಿನಕ್ಸ್) ಕೆಡಿಇ ಪ್ಲಾಸ್ಮಾ ಹಾಕಿ, ಪ್ಲಾಸ್ಮಾ ಅಂದರೆ ಕೆಡಿಇಯವರ ಡೆಸ್ಕ್‌ಟಾಪ್. ಅದು ವೇಲ್ಯಾಂಡ್‌ನಲ್ಲೇ ಏಳುತ್ತದೆ, ಅದನ್ನೂ ಹಾಗೇ ಬಿಡಿ. ತೀರ್ಮಾನ ಸಾಕು, ಕಾರಣ ಬೇಡ ಅನ್ನುವುದಾದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ಟೈಪಿಂಗ್ ಭಾಗ ಮಾತ್ರ ಓದಿಯೇ ಹೋಗಿ, ಎಡವುವುದು ಅಲ್ಲೇ.

ನಿಮಗೆ ಸಿಕ್ಕಿದ ಇಬ್ಬರೂ ಪೂರ್ತಿ ತಪ್ಪು ಹೇಳಿಲ್ಲ. ಒಬ್ಬರು ಐದು ವರ್ಷದ ಹಿಂದಿನ ಅನುಭವ ಹೇಳುತ್ತಿದ್ದಾರೆ, ಇನ್ನೊಬ್ಬರು ಎರಡು ವರ್ಷದ ಮುಂದಿನದ್ದು. ತೊಂದರೆ ಏನೆಂದರೆ ಪ್ರಶ್ನೆಯೇ ಬದಲಾಗಿದೆ. ಎಕ್ಸ್11, ವೇಲ್ಯಾಂಡ್ ಇವು ಡಿಸ್ಪ್ಲೇ ಸಿಸ್ಟಂಗಳು, ಅಂದರೆ ಪ್ರೋಗ್ರಾಂಗಳ ಕಿಟಕಿಗಳನ್ನು ಪರದೆಗೆ ತರುವ, ಕೀಲಿ-ಮೌಸ್ ಅನ್ನು ಪ್ರೋಗ್ರಾಂಗೆ ಮುಟ್ಟಿಸುವ ವ್ಯವಸ್ಥೆ. ಡೆಸ್ಕ್‌ಟಾಪ್ ಅಂದರೆ ಇಲ್ಲಿ ಮಷಿನ್ ಅಲ್ಲ, ಅದರ ಮೇಲೆ ಕಾಣುವ ಮೆನು, ಪಟ್ಟಿ, ಸೆಟ್ಟಿಂಗ್ಸ್ ಎಲ್ಲ ಸೇರಿದ ಕಟ್ಟು. ಮೊದಲು ಡಿಸ್ಪ್ಲೇ ಸಿಸ್ಟಂ ಯಾವುದು, ಡೆಸ್ಕ್‌ಟಾಪ್ ಯಾವುದು ಎಂದು ಎರಡು ಪ್ರಶ್ನೆ ಇದ್ದವು. ಈಗ ಡೆಸ್ಕ್‌ಟಾಪ್ ಆರಿಸಿದರೆ ಇನ್ನೊಂದು ತಾನಾಗಿ ಬರುತ್ತದೆ.

ಕಲ್ಯಾಣಮಂಟಪದ ಲೆಕ್ಕದಲ್ಲಿ ಹೇಳುತ್ತೇನೆ, ಲಗ್ನಪತ್ರಿಕೆ ಮಾಡುವವರಿಗೆ ಬೇಗ ಹೊಳೆಯುತ್ತದೆ. ಎಕ್ಸ್ ಅನ್ನುವುದು ಹಳೇ ಪದ್ಧತಿಯ ಮಂಟಪ. ಮಾಲೀಕರು ಹಾಲ್ ಕೊಡುತ್ತಾರೆ, ಅಷ್ಟೇ. ಅಡುಗೆಯವರು ಬೇರೆ, ಅಲಂಕಾರದವರು ಬೇರೆ, ಓಲಗದವರು ಬೇರೆ. ಒಬ್ಬರಿಗೆ ಏನು ಹೇಳಬೇಕಾದರೂ ಮ್ಯಾನೇಜರ್ ಮೂಲಕವೇ ಹೋಗಬೇಕು. ಈ ಮ್ಯಾನೇಜರೇ ಎಕ್ಸ್ ಸರ್ವರ್. ಕಿಟಕಿಗಳನ್ನು ಜೋಡಿಸುವ ವಿಂಡೋ ಮ್ಯಾನೇಜರ್ ಬೇರೆ ಪ್ರೋಗ್ರಾಂ, ನೆರಳು-ಪಾರದರ್ಶಕತೆ ಎಲ್ಲ ಸೇರಿಸಿ ಚಿತ್ರ ಕಟ್ಟುವ ಕಂಪೋಸಿಟರ್ ಮತ್ತೊಂದು ಪ್ರೋಗ್ರಾಂ ಆಗಿರಬಹುದು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇದನ್ನು ಶುರು ಮಾಡಿದಾಗ ಪ್ರೋಗ್ರಾಂ ಓಡುವ ಕಂಪ್ಯೂಟರ್ ಒಂದು ಕಡೆ, ಪರದೆ ಇನ್ನೊಂದು ಕಡೆ ಇರುವುದು ಮಾಮೂಲಿಯಾಗಿತ್ತು. 11ನೇ ಆವೃತ್ತಿ 1987ರ ಸೆಪ್ಟೆಂಬರ್‌ನಲ್ಲಿ ಬಂತು. ಇವತ್ತಿಗೂ ಅದೇ 11. ಸುಮಾರು ನಾಲ್ಕು ದಶಕ ತೇಪೆ ಹಾಕುತ್ತಾ ನಡೆಸಿಕೊಂಡು ಬಂದಿದ್ದಾರೆ.

ವೇಲ್ಯಾಂಡ್‌ನಲ್ಲಿ ಎಲ್ಲಾ ಸೇರಿಸಿ ಒಬ್ಬರಿಗೇ ಗುತ್ತಿಗೆ. ಸರ್ವರ್, ವಿಂಡೋ ಮ್ಯಾನೇಜರ್, ಕಂಪೋಸಿಟರ್ ಮೂರೂ ಒಂದೇ ಪ್ರೋಗ್ರಾಂ. ಇದನ್ನು 2008ರಲ್ಲಿ ಕ್ರಿಸ್ಟಿಯನ್ ಹೊಗ್ಸ್‌ಬರ್ಗ್ ಶುರು ಮಾಡಿದರು. ಅವರು ಎಕ್ಸ್‌ನ ಒಳಗೇ ಕೆಲಸ ಮಾಡಿದವರು, ಅದರ ಮೇಲೆ ದ್ವೇಷ ಇಟ್ಟುಕೊಂಡು ಬಂದವರಲ್ಲ. ಹೆಸರು ಮ್ಯಾಸಚೂಸೆಟ್ಸ್‌ನ ಒಂದು ಊರಿನದು. ವೇಲ್ಯಾಂಡ್ ಅಂದರೆ ಇನ್‌ಸ್ಟಾಲ್ ಮಾಡಿಕೊಳ್ಳುವ ಒಂದು ಸಾಫ್ಟ್‌ವೇರ್ ಅಂತ ಬಹಳ ಜನ ತಿಳಿದಿದ್ದಾರೆ. ಅದು ಬರೀ ಮಾತುಕತೆಯ ನಿಯಮ. ನಿಯಮದಂತೆ ನಡೆಯುವ ಕಂಪೋಸಿಟರ್ ಅನ್ನು ಒಂದೊಂದು ಡೆಸ್ಕ್‌ಟಾಪ್‌ನವರೂ ತಾವೇ ಬರೆದುಕೊಂಡಿದ್ದಾರೆ. ಗ್ನೋಮ್‌ನದು ಮಟ್ಟರ್, ಕೆಡಿಇಯದು ಕೆವಿನ್. ಹಾಗಾಗಿ ‘ವೇಲ್ಯಾಂಡ್‌ನಲ್ಲಿ ಇದು ಆಗಲ್ಲ’ ಅಂತ ಯಾರಾದರೂ ಅಂದರೆ ‘ಯಾವ ಡೆಸ್ಕ್‌ಟಾಪ್‌ನಲ್ಲಿ?’ ಎಂದು ಕೇಳಿ. ಗ್ನೋಮ್‌ನಲ್ಲಿ ಆಗದ್ದು ಪ್ಲಾಸ್ಮಾದಲ್ಲಿ ಆಗುತ್ತಿರಬಹುದು, ಪ್ಲಾಸ್ಮಾದಲ್ಲಿ ಒದ್ದಾಡಿಸುವುದು ಗ್ನೋಮ್‌ನಲ್ಲಿ ಸಲೀಸಾಗಿರಬಹುದು.

ಒಬ್ಬರಿಗೇ ಗುತ್ತಿಗೆ ಕೊಟ್ಟರೆ ಕೆಲಸ ಚೊಕ್ಕವಾಗಿ ಆಗುತ್ತದೆ. ಆದರೆ ಅವರು ಕೈಕೊಟ್ಟರೆ ಮದುವೆಯೇ ನಿಲ್ಲುತ್ತದೆ, ಅಲ್ವಾ? ಎಕ್ಸ್11 ಇದ್ದಾಗ ಗ್ನೋಮ್ ಒದ್ದಾಡಿದರೆ ಆಲ್ಟ್ ಮತ್ತು ಎಫ್2 ಒತ್ತಿ, ಆರ್ ಎಂದು ಕೊಟ್ಟರೆ ಅದೊಂದೇ ಮತ್ತೆ ಶುರುವಾಗುತ್ತಿತ್ತು. ತೆರೆದಿದ್ದ ಫೈಲುಗಳು ಇದ್ದಲ್ಲೇ ಇರುತ್ತಿದ್ದವು. ವೇಲ್ಯಾಂಡ್‌ನಲ್ಲಿ ಆ ಉಪಾಯ ನಡೆಯುವುದಿಲ್ಲ, ಗ್ನೋಮ್‌ನ ಆ ಮುಖ್ಯ ಪ್ರೋಗ್ರಾಂ ಬಿದ್ದರೆ ಎಲ್ಲವೂ ಬಿದ್ದಂತೆ. ಪ್ಲಾಸ್ಮಾ 6ರಲ್ಲಿ ಮಾತ್ರ ಕೆವಿನ್ ಬಿದ್ದು ಎದ್ದರೂ ಕ್ಯೂಟಿಯಲ್ಲಿ (ಕೆಡಿಇಯವರು ಬಳಸುವ ಪ್ರೋಗ್ರಾಂ ಕಟ್ಟುವ ಸಲಕರಣೆ) ಬರೆದ ಪ್ರೋಗ್ರಾಂಗಳು ಉಳಿದುಕೊಳ್ಳುವಂತೆ ಮಾಡಿದ್ದಾರೆ. ಅಂಗಡಿಗೆ ಪ್ಲಾಸ್ಮಾ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಹಳೇ ಮಂಟಪದ ಇನ್ನೊಂದು ಗುಣವನ್ನು ಕಣ್ಣಾರೆ ನೋಡಬಹುದು. ರೂಮುಗಳಿಗೆ ಬಾಗಿಲೇ ಇಲ್ಲ. ಮಿಂಟ್ ಹಾಕಿದ ಮೇಲೆ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಎಕ್ಸ್‌ಇನ್‌ಪುಟ್ ಅನ್ನುವ ಪುಟ್ಟ ಪ್ರೋಗ್ರಾಂ ಅನ್ನು ಟೆಸ್ಟ್ ಮೋಡ್‌ನಲ್ಲಿ ಓಡಿಸಿ. ಆಮೇಲೆ ಬ್ರೌಸರ್‌ಗೆ ಹೋಗಿ ಏನಾದರೂ ಟೈಪ್ ಮಾಡಿ. ಇತ್ತ ಟರ್ಮಿನಲ್‌ನಲ್ಲಿ ನೀವು ಒತ್ತಿದ ಪ್ರತಿ ಕೀಲಿಯ ನಂಬರ್ ಸಾಲಾಗಿ ಬೀಳುತ್ತದೆ. ಕೆ ಒತ್ತಿದರೆ 45, ಎಫ್ ಒತ್ತಿದರೆ 41. ಅಡ್ಮಿನ್ ಪಾಸ್‌ವರ್ಡ್ ಕೂಡ ಕೇಳುವುದಿಲ್ಲ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಹೋಗುವ ಕೀಲಿಗಳನ್ನೆಲ್ಲ ನೋಡಬಹುದು, ಬ್ಯಾಂಕ್ ಪಾಸ್‌ವರ್ಡ್ ಆದರೂ ಅಷ್ಟೇ. ಬೇರೆ ಬೇರೆಯವರು ಬಂದು ಕೂರುವ ಅಂಗಡಿಯ ಮಷಿನ್‌ಗೆ ಇದು ಒಳ್ಳೆಯದಲ್ಲ. ವೇಲ್ಯಾಂಡ್‌ನಲ್ಲಿ ಯಾವ ಕಿಟಕಿ ಮುಂದಿದೆಯೋ ಅದಕ್ಕಷ್ಟೇ ಕೀಲಿ ಹೋಗುತ್ತದೆ.

ಬಾಗಿಲು ಹಾಕಿದ್ದರಿಂದಲೇ ಕೆಲವು ಸಾಮಾನು ಕೆಲಸ ಮಾಡುವುದಿಲ್ಲ. ಚಿಕ್ಕ ಪದ ಹೊಡೆದರೆ ಪೂರ್ತಿ ಒಕ್ಕಣೆ ಬರುವಂತೆ ಮಾಡುವ ಆಟೋಕೀ, ಮೌಸ್-ಕೀಬೋರ್ಡ್ ಅನ್ನು ತಾನೇ ಆಡಿಸುವ ಎಕ್ಸ್‌ಡೂಟೂಲ್, ಹಳೇ ಸ್ಕ್ರೀನ್ ರೆಕಾರ್ಡರ್‌ಗಳು, ಇವೆಲ್ಲ ಎಕ್ಸ್‌ನ ಆ ತೆರೆದ ಬಾಗಿಲನ್ನೇ ನಂಬಿದ್ದವು. ಅರ್ಜಿಗಳ ಒಕ್ಕಣೆ ಹೀಗೆ ಆಟೋಮ್ಯಾಟಿಕ್ ಮಾಡಿಕೊಳ್ಳುವ ಯೋಚನೆ ಇದ್ದರೆ ಲಿಬ್ರೆಆಫೀಸ್‌ನೊಳಗಿನ ಆಟೋಟೆಕ್ಸ್ಟ್ ಸಾಕು, ಅದಕ್ಕೆ ಡಿಸ್ಪ್ಲೇ ಯಾವುದಾದರೂ ಒಂದೇ. ಸ್ಕ್ರೀನ್ ಶೇರಿಂಗ್ ಈಗ ಪೈಪ್‌ವೈರ್ ಅನ್ನುವ ನಡುವಿನ ಪ್ರೋಗ್ರಾಂ ಮೂಲಕ, ನಿಮ್ಮ ಒಪ್ಪಿಗೆ ಕೇಳಿ ನಡೆಯುತ್ತದೆ. ಲಾಕ್‌ಡೌನ್ ಕಾಲದಲ್ಲಿ ನಾನೊಂದು ಆನ್‌ಲೈನ್ ಪಾಠ ಮಾಡುವಾಗ ಅರ್ಧ ಗಂಟೆ ಕಪ್ಪು ಪರದೆಯನ್ನೇ ಹಂಚಿಕೊಂಡು ಮಾತಾಡಿದ್ದೆ. ಸಭ್ಯ ವಿದ್ಯಾರ್ಥಿಗಳು, ಒಬ್ಬರೂ ಬಾಯಿ ಬಿಡಲಿಲ್ಲ. ಈಗ ಹಾಗಾಗುವುದು ಕಡಿಮೆ.

ಅಂಗಡಿಗೆ ವೇಲ್ಯಾಂಡ್ ಹೇಳಲು ದೊಡ್ಡ ಕಾರಣ ನಿಮ್ಮ ಎರಡು ಮಾನಿಟರ್. 27 ಇಂಚಿನ 4ಕೆ ಪರದೆಯಲ್ಲಿ ಇಂಚಿಗೆ ಸುಮಾರು 163 ಚುಕ್ಕಿ ಇರುತ್ತವೆ. ಹಳೆಯ 22 ಇಂಚಿನದು ಫುಲ್ ಎಚ್‌ಡಿ ಆಗಿದ್ದರೆ ಸುಮಾರು 100. ಎಕ್ಸ್11ನಲ್ಲಿ ಅಕ್ಷರದ ಅಳತೆ ಸಾಮಾನ್ಯವಾಗಿ ಇಡೀ ಡೆಸ್ಕ್‌ಟಾಪ್‌ಗೆ ಒಂದೇ. ದೊಡ್ಡದಕ್ಕೆ ಸರಿಮಾಡಿದರೆ ಚಿಕ್ಕದರಲ್ಲಿ ಬೋರ್ಡ್ ಬರೆದಂತೆ ಕಾಣುತ್ತದೆ, ಚಿಕ್ಕದಕ್ಕೆ ಸರಿಮಾಡಿದರೆ ದೊಡ್ಡದರಲ್ಲಿ ಭೂತಗನ್ನಡಿ ಬೇಕು. ಇದಕ್ಕೂ ಏನೇನೋ ಉಪಾಯಗಳಿವೆ, ಆದರೆ ಎಲ್ಲವೂ ಅರೆಬರೆ. ವೇಲ್ಯಾಂಡ್‌ನಲ್ಲಿ ಒಂದೊಂದು ಮಾನಿಟರ್‌ಗೂ ಬೇರೆ ಅಳತೆ ಕೊಡಬಹುದು. 4ಕೆಗೆ 150 ಅಥವಾ 160 ಪರ್ಸೆಂಟ್, ಹಳೆಯದಕ್ಕೆ 100. ಕಿಟಕಿಯನ್ನು ಆಚೆಯಿಂದ ಈಚೆಗೆ ಎಳೆದರೆ ಅಕ್ಷರ ತಾನೇ ಹೊಂದಿಕೊಳ್ಳುತ್ತದೆ.

ಎಲ್ಲ ಪ್ರೋಗ್ರಾಂಗಳೂ ಹಾಗೆ ಹೊಂದಿಕೊಳ್ಳುವುದಿಲ್ಲ. ವೇಲ್ಯಾಂಡ್ ಭಾಷೆ ಬಾರದ ಹಳೆಯವು ಎಕ್ಸ್‌ವೇಲ್ಯಾಂಡ್ ಅನ್ನುವ ದುಭಾಷಿಯ ಮೂಲಕ ಓಡುತ್ತವೆ. ಅಲ್ಲಿ ಚಿತ್ರವನ್ನು ಹಿಗ್ಗಿಸಿ ತೋರಿಸಿದರೆ ಅಕ್ಷರ ಮಸುಕಾಗುತ್ತದೆ. ಇಂಗ್ಲಿಷಿಗಿಂತ ಕನ್ನಡಕ್ಕೆ ಈ ಮಸುಕು ಬೇಗ ತಾಗುತ್ತದೆ. ‘ಸ್ತ್ರೀ’ ಅಥವಾ ‘ರಾಷ್ಟ್ರ’ ನೋಡಿ, ಕೆಳಗೆ ಒತ್ತು, ಪಕ್ಕದಲ್ಲಿ ಇನ್ನೊಂದು. ಅಷ್ಟು ಗೆರೆ ಅಷ್ಟು ಜಾಗದಲ್ಲಿ ಕೂರಬೇಕು, ಒಂದು ಚುಕ್ಕಿ ಆಚೀಚೆಯಾದರೆ ಮೆತ್ತಿಕೊಂಡುಬಿಡುತ್ತದೆ. ಪ್ಲಾಸ್ಮಾದ ಡಿಸ್ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಹಳೇ ಎಕ್ಸ್11 ಪ್ರೋಗ್ರಾಂಗಳು ತಮ್ಮ ಅಳತೆಯನ್ನು ತಾವೇ ನೋಡಿಕೊಳ್ಳಲಿ ಎಂಬ ಆಯ್ಕೆ ಇದೆ. ಅದನ್ನು ಆರಿಸಿ, ಅಕ್ಷರ ಚೂಪಾಗುತ್ತದೆ.

ಯಾವ ಪ್ರೋಗ್ರಾಂ ದುಭಾಷಿಯ ಮೂಲಕ ಓಡುತ್ತಿದೆ ಎಂದು ಹಿಡಿಯಲು ತಮಾಷೆಯ ಉಪಾಯವೊಂದಿದೆ. ಎಕ್ಸ್‌ಐಸ್ ಎಂಬ ಓಬೀರಾಯನ ಕಾಲದ ಆಟಿಕೆ ಹಾಕಿ. ಎರಡು ಕಣ್ಣು ಬರುತ್ತವೆ, ಮೌಸ್ ಹೋದಲ್ಲೆಲ್ಲ ನೋಡುತ್ತವೆ. ವೇಲ್ಯಾಂಡ್‌ನಲ್ಲಿ ಮೌಸ್ ಅನ್ನು ಬೇರೆ ಬೇರೆ ಕಿಟಕಿಯ ಮೇಲೆ ಆಡಿಸಿ. ಕಣ್ಣು ಆಡಿದರೆ ಆ ಕಿಟಕಿ ಇನ್ನೂ ಎಕ್ಸ್‌ನಲ್ಲಿದೆ, ಕಲ್ಲಿನಂತೆ ನಿಂತರೆ ವೇಲ್ಯಾಂಡ್‌ನಲ್ಲಿದೆ.

ಇನ್ನು ಎನ್ವಿಡಿಯಾ. ‘ವೇಲ್ಯಾಂಡ್ ಮುಟ್ಟಬೇಡಿ’ ಅಂದವರ ಅನುಭವ ಬಹುಶಃ ಈ ಕಾರ್ಡಿನದ್ದೇ. ವೇಲ್ಯಾಂಡ್‌ಗೆ ಚಿತ್ರ ಒಪ್ಪಿಸಲು ಬಾಕಿ ಎಲ್ಲರೂ ಒಪ್ಪಿಕೊಂಡ ವ್ಯವಸ್ಥೆಯನ್ನು ಎನ್ವಿಡಿಯಾದ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಒಪ್ಪಿಕೊಂಡದ್ದು 2021ರ 495ನೇ ಸರಣಿಯಲ್ಲಿ. ಆಮೇಲೂ ಕಿಟಕಿಗಳು ಮಿನುಗುವುದು, ಹಳೇ ಚಿತ್ರ ಒಂದು ಕ್ಷಣ ಮತ್ತೆ ಕಾಣುವುದು ನಿಲ್ಲಲಿಲ್ಲ. ಅದು ಬಹುಮಟ್ಟಿಗೆ ಸರಿಹೋದದ್ದು 2024ರಲ್ಲಿ, 555ನೇ ಸರಣಿ ಬಂದ ಮೇಲೆ. ನಿಮ್ಮ 1650ಕ್ಕೆ ಇದು ಸಿಗುತ್ತದೆ. ಇದೇ ಕಾರಣಕ್ಕೆ ನಿಮಗೆ ಇನ್ನೊಂದು ಬಗೆಯ ಲಿನಕ್ಸ್ ಆದ ಡೆಬಿಯನ್ 13 ಹೇಳಲಿಲ್ಲ. ನನಗೆ ಅಚ್ಚುಮೆಚ್ಚಿನದು ಅದೇ, ಆದರೆ ಅದರ ಜೊತೆ ಬರುವುದು 550ನೇ ಸರಣಿಯ ಡ್ರೈವರ್, ಬೇಕಾದ್ದಕ್ಕಿಂತ ಒಂದು ಹೆಜ್ಜೆ ಹಿಂದೆ. 470ನೇ ಸರಣಿಗೇ ನಿಂತುಹೋದ ಹಳೇ ಎನ್ವಿಡಿಯಾ ಕಾರ್ಡ್ ಇರುವವರು ಮಾತ್ರ ಸುಮ್ನೆ ಎಕ್ಸ್11ನಲ್ಲೇ ಇರಿ. ಇಂಟೆಲ್, ಎಎಂಡಿ ಗ್ರಾಫಿಕ್ಸ್ ಇದ್ದವರಿಗೆ ಈ ರಗಳೆಯೇ ಇಲ್ಲ.

ಈಗ ಕನ್ನಡಕ್ಕೆ ಬರೋಣ. ಕನ್ನಡ ತೋರಿಸುವುದು, ಕನ್ನಡ ಟೈಪ್ ಮಾಡುವುದು, ಹಳೇ ನುಡಿ ಫೈಲು ತೆರೆಯುವುದು ಮೂರೂ ಬೇರೆ ಬೇರೆ ಸಂಗತಿ. ಒಂದರ ತಪ್ಪನ್ನು ಇನ್ನೊಂದರ ತಲೆಗೆ ಕಟ್ಟಿದರೆ ದಿನವಿಡೀ ಕೂತರೂ ಸರಿಹೋಗುವುದಿಲ್ಲ.

ತೋರಿಸುವುದಕ್ಕೂ ಎಕ್ಸ್-ವೇಲ್ಯಾಂಡ್ ಜಗಳಕ್ಕೂ ಸಂಬಂಧವೇ ಇಲ್ಲ. ಒತ್ತಕ್ಷರ ಕೂಡಿಸುವ ಕೆಲಸ ಹಾರ್ಫ್‌ಬಜ್ ಅನ್ನುವ ಲೈಬ್ರರಿಯದ್ದು, ಅದು ಎರಡೂ ಕಡೆ ಒಂದೇ. ಅಕ್ಷರದ ಬದಲು ಚೌಕ ಕಂಡರೆ ಫಾಂಟ್ ಇಲ್ಲ ಅಂತ ಅರ್ಥ. ನೋಟೋ ಅಥವಾ ಲೋಹಿತ್ ಕನ್ನಡ ಹಾಕಿಕೊಳ್ಳಿ. ಮಿಂಟ್‌ನಲ್ಲಿ ಗುಬ್ಬಿ, ನವಿಲು ಅನ್ನುವ ಫಾಂಟ್‌ಗಳೂ ಸಿಗುತ್ತವೆ.

ಟೈಪಿಂಗ್‌ಗೆ ಮಾತ್ರ ಡೆಸ್ಕ್‌ಟಾಪ್ ಯಾವುದೆಂಬುದು ನಿಜಕ್ಕೂ ಮುಖ್ಯವಾಗುತ್ತದೆ. ನಿಮ್ಮ ಕೈಗೆ ನುಡಿಯ ಕಗಪ ವಿನ್ಯಾಸ ಕೂತಿರುತ್ತದೆ. ಕೆ, ಎಫ್, ಕೆ ಒತ್ತಿದರೆ ಕ್ಕ. ಕೆ ಆದ ಮೇಲೆ ಐ ಒತ್ತಿದರೆ ಕಿ, ಮೊದಲಿಗೇ ಐ ಒತ್ತಿದರೆ ಇ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲೇಔಟ್‌ಗಳ ಪಟ್ಟಿ ತೆರೆದರೆ ಕಗಪ ಎಂಬ ಹೆಸರು ಅಲ್ಲೇ ಕಾಣುತ್ತದೆ. ಆಹಾ ಸಿಕ್ಕಿತು ಅಂತ ಅದನ್ನು ಹಾಕಿಕೊಂಡುಬಿಡಬೇಡಿ. ಅಲ್ಲಿನ ಲೇಔಟ್‌ಗಳಿಗೆ ಒಂದು ಕೀಲಿಗೆ ಒಂದು ಅಕ್ಷರ ಅಷ್ಟೇ ಗೊತ್ತು. ಹಿಂದೆ ವ್ಯಂಜನ ಇದೆಯೇ ಎಂದು ನೋಡಿ ಸ್ವರವನ್ನು ಗುಣಿತ ಮಾಡುವ ಬುದ್ಧಿ ಅವಕ್ಕಿಲ್ಲ. ನಿಮ್ಮ ವೇಗಕ್ಕೆ ಅದು ಹತ್ತು ನಿಮಿಷದಲ್ಲಿ ತಲೆ ಕೆಡಿಸುತ್ತದೆ. ನಿಮಗೆ ಬೇಕಾದದ್ದು ಎಂ17ಎನ್ ಎಂಬ ಕಟ್ಟಿನಲ್ಲಿರುವ ಕೆಜಿಪಿ, ಅಂದರೆ ಕಗಪವೇ, ಆದರೆ ಗುಣಿತ ಗೊತ್ತಿರುವ ವಿನ್ಯಾಸ. ಅದನ್ನು ಓಡಿಸಲು ಐಬಸ್ ಅಥವಾ ಎಫ್‌ಸಿಟಿಎಕ್ಸ್5 ಎಂಬ ಟೈಪಿಂಗ್ ವ್ಯವಸ್ಥೆ (ಇನ್‌ಪುಟ್ ಮೆಥಡ್), ಇವೆರಡರಲ್ಲಿ ಒಂದು ಬೇಕು.

ಒಂದೇ ಒಂದು. ಈ ಮಾತಿಗೆ ನಾನೇ ಸಾಕ್ಷಿ. ಒಮ್ಮೆ ಒಂದೇ ಮಷಿನ್‌ನಲ್ಲಿ ಗ್ನೋಮ್ ಇತ್ತು, ಅದರ ಮೇಲೆ ಕೆಡಿಇ ಹಾಕಿದೆ, ಆಸೆ ಸಾಲದೆ ಎಕ್ಸ್‌ಎಫ್‌ಸಿಇಯನ್ನೂ ಸುರಿದೆ. ಮೂರು ಫೈಲ್ ಮ್ಯಾನೇಜರ್, ಮೂರು ಎಡಿಟರ್ ಬಂದು ಕೂತವು. ಐಬಸ್, ಎಫ್‌ಸಿಟಿಎಕ್ಸ್ ಎರಡೂ ಒಟ್ಟಿಗೆ ಓಡುತ್ತಿದ್ದವು. ಒಂದು ಕಿಟಕಿಯಲ್ಲಿ ಕನ್ನಡ ಬಂದರೆ ಇನ್ನೊಂದರಲ್ಲಿ ಇಂಗ್ಲಿಷ್, ಮತ್ತೊಂದರಲ್ಲಿ ಕೆ ಎಫ್ ಕೆ ಅಂತಲೇ ಬೀಳುವುದು. ಯಾವುದನ್ನು ಬೈಯಬೇಕೆಂದೇ ತಿಳಿಯದೆ ಕೊನೆಗೆ ಎಲ್ಲ ಅಳಿಸಿ ಹೊಸದಾಗಿ ಹಾಕಿದೆ.

ಗ್ನೋಮ್‌ನಲ್ಲಿ ಐಬಸ್ ಒಳಗೇ ಸೇರಿಕೊಂಡಿದೆ. ಎಂ17ಎನ್ ಕಟ್ಟು ಹಾಕಿ, ಲಾಗೌಟ್ ಆಗಿ ಬಂದು, ಸೆಟ್ಟಿಂಗ್ಸ್‌ನ ಕೀಬೋರ್ಡ್‌ನಲ್ಲಿ ಕನ್ನಡ ಕೆಜಿಪಿ ಸೇರಿಸಿದರೆ ಆಯ್ತು. ಬರೀ ಟೈಪಿಂಗ್ ನೋಡಿದರೆ ಗ್ನೋಮ್‌ಗೇ ಮೊದಲ ಮಾರ್ಕು. ಎಕ್ಸ್‌ಎಫ್‌ಸಿಇಯಲ್ಲಿ, ಅಂದರೆ ನಿಮ್ಮ ಮನೆಯ ಮಷಿನ್‌ನಲ್ಲಿ, ಐಬಸ್ ಮತ್ತು ಎಂ17ಎನ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ. ಪ್ಲಾಸ್ಮಾದಲ್ಲಿ ಜನ ಎಡವುವುದು ಹೀಗೆ: ಎಲ್ಲ ಹಾಕಿರುತ್ತಾರೆ, ಆದರೂ ಕನ್ನಡ ಬರುವುದಿಲ್ಲ. ವೇಲ್ಯಾಂಡ್‌ನಲ್ಲಿ ಕೀಲಿಗಳೆಲ್ಲ ಕಂಪೋಸಿಟರ್ ಕೈಯಲ್ಲಿರುತ್ತವೆ, ಟೈಪಿಂಗ್ ವ್ಯವಸ್ಥೆಯನ್ನು ಶುರು ಮಾಡಬೇಕಾದದ್ದೂ ಅದೇ. ಆ ಸೆಟ್ಟಿಂಗ್ ಇರುವುದು ಯಾರೂ ಹುಡುಕದ ಜಾಗದಲ್ಲಿ, ವರ್ಚುವಲ್ ಕೀಬೋರ್ಡ್ ಎಂಬ ಹೆಸರಿನಡಿ. ಪರದೆ ಮುಟ್ಟಿ ಟೈಪ್ ಮಾಡುವವರಿಗಿರಬೇಕು ಅಂತ ಎಲ್ಲರೂ ದಾಟಿ ಹೋಗುತ್ತಾರೆ. ಅಲ್ಲಿ ಎಫ್‌ಸಿಟಿಎಕ್ಸ್5 ಆರಿಸಿ, ಅದರೊಳಗೆ ಕೆಜಿಪಿ ಸೇರಿಸಿ. ಅಷ್ಟಾದ ಮೇಲೆ ಲಿಬ್ರೆಆಫೀಸ್, ಫೈರ್‌ಫಾಕ್ಸ್, ಟರ್ಮಿನಲ್ ಮೂರರಲ್ಲೂ ‘ಅಕ್ಕ’ ಎಂದು ಹೊಡೆದು ನೋಡಿ. ಕ್ರೋಮ್ ಜಾತಿಯ ಬ್ರೌಸರ್‌ಗಳು ವೇಲ್ಯಾಂಡ್‌ನಲ್ಲಿ ಬಹಳ ದಿನ ಇದರಲ್ಲಿ ಕಾಡಿಸಿವೆ, ಅವನ್ನು ಬೇರೆಯಾಗಿ ಪರೀಕ್ಷಿಸಿ.

ನುಡಿ ಫೈಲುಗಳ ಬಗ್ಗೆ ಸಿಹಿ ಸುದ್ದಿ ಅರ್ಧವೇ ಇದೆ. ಯೂನಿಕೋಡ್‌ನಲ್ಲಿ ಮಾಡಿದ್ದರೆ ಹಾಗೇ ತೆರೆಯುತ್ತವೆ. ಹಳೇ ನುಡಿ ಫಾಂಟಿನವಾದರೆ ಆ ಫಾಂಟ್‌ಗಳನ್ನು ತಂದು ಹಾಕಿದರೆ ಲಿಬ್ರೆಆಫೀಸ್‌ನಲ್ಲಿ ಕಾಣುತ್ತವೆ. ಆದರೆ ಅದೇ ಫಾಂಟಿನಲ್ಲಿ ಮತ್ತೆ ಟೈಪ್ ಮಾಡಲು ಕೆಜಿಪಿ ಬರುವುದಿಲ್ಲ, ಅದು ಕೊಡುವುದು ಯೂನಿಕೋಡ್. ಬೇಕಾದವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪೇಜ್‌ಮೇಕರ್ ಬದಲಿಗೆ ಸ್ಕ್ರೈಬಸ್ 1.6 ನೋಡಿ, 2024ರ ಈ ಆವೃತ್ತಿಯಲ್ಲಿ ಕನ್ನಡ ಒತ್ತಕ್ಷರ ಸರಿಯಾಗಿ ಕೂರುತ್ತದೆ.

ಮನೆಯ ಲ್ಯಾಪ್‌ಟಾಪಿಗೆ ಎಕ್ಸ್‌ಎಫ್‌ಸಿಇ ಯಾಕೆ? ಗ್ನೋಮ್‌ಗೂ ಅದಕ್ಕೂ ಸುಮ್ಮನೆ ಕೂತಾಗ ಇರುವ ವ್ಯತ್ಯಾಸ ಕೆಲವು ನೂರು ಎಂಬಿ. 16 ಜಿಬಿ ಇರುವಲ್ಲಿ ಅದು ಲೆಕ್ಕಕ್ಕೇ ಇಲ್ಲ. 4 ಜಿಬಿಯಲ್ಲಿ ಅಷ್ಟು ಉಳಿದರೆ ಬ್ರೌಸರ್‌ನಲ್ಲಿ ಇನ್ನೆರಡು ಟ್ಯಾಬ್ ತೆರೆಯಬಹುದು. ಎಕ್ಸ್‌ಎಫ್‌ಸಿಇ 1996ರಿಂದ ಇದೆ, ಮುಖ ಮಾತ್ರ ಹೆಚ್ಚು ಬದಲಾಗಿಲ್ಲ. ನಾನು ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಅದರ 4.20ರಲ್ಲಿ ವೇಲ್ಯಾಂಡ್ ಇನ್ನೂ ಪ್ರಯೋಗದ ಹಂತದಲ್ಲಿದೆ, ಬೇಡ. ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ಯಾವ ಡೆಸ್ಕ್‌ಟಾಪ್ ಬದಲಿಸಿದರೂ ಬಾರದ ವೇಗ ಅದರಿಂದ ಬರುತ್ತದೆ.

ಎಕ್ಸ್11 ಸತ್ತೇಹೋಯ್ತು ಅನ್ನುವವರಿಗೂ ಆಧಾರ ಇದೆ. 2025ರ ಸೆಪ್ಟೆಂಬರ್‌ನ ಗ್ನೋಮ್ 49ರಲ್ಲಿ ಎಕ್ಸ್11 ಸೆಷನ್ (ಎಕ್ಸ್11 ಮೇಲೆ ಲಾಗಿನ್ ಆಗುವ ಆಯ್ಕೆ) ಮೊದಲಿಗೇ ಆಫ್ ಆಗಿ ಬಂತು, ಉಬುಂಟು 25.10ರಲ್ಲಿ ಅದು ಇಲ್ಲವೇ ಇಲ್ಲ. ಪ್ಲಾಸ್ಮಾ 6.8ರಿಂದ ಎಕ್ಸ್11 ಸೆಷನ್ ಇರುವುದಿಲ್ಲ ಎಂದು ಕೆಡಿಇಯವರೂ ಹೇಳಿಬಿಟ್ಟಿದ್ದಾರೆ. ಇದರಿಂದ ನಿಮ್ಮ ಲ್ಯಾಪ್‌ಟಾಪಿಗೆ ಏನೂ ಆಗುವುದಿಲ್ಲ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ, ಆಗ ಆ ಲ್ಯಾಪ್‌ಟಾಪಿಗೆ ಹದಿನೈದು ವರ್ಷ. ಅಲ್ಲಿಯವರೆಗೆ ಬಾಳಿದರೆ ಅದಕ್ಕೊಂದು ಆರತಿ ಎತ್ತಿ.

ಗ್ನೋಮ್ ಅನ್ನು ಅಂಗಡಿಗೆ ಹೇಳದಿರಲು ಕಾರಣ ಅದರ ಗುಣಮಟ್ಟ ಅಲ್ಲ. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ಕಿಟಕಿ ಚಿಕ್ಕದು ಮಾಡುವ ಬಟನ್, ನಿಮ್ಮ ಹುಡುಗರ ಕೈ ಇದಕ್ಕೆಲ್ಲ ಒಗ್ಗಿದೆ. 2011ರ ಗ್ನೋಮ್ 3ರಿಂದ ಅವರು ಬೇರೆ ದಾರಿ ಹಿಡಿದರು. ಅದು ಒಪ್ಪದವರೇ ಮಾಟೆ, ಸಿನಮನ್ ಎಂಬ ಬೇರೆ ಡೆಸ್ಕ್‌ಟಾಪ್‌ಗಳನ್ನು ಕಟ್ಟಿಕೊಂಡರು. ಗಿರಾಕಿ ಎದುರು ನಿಂತಿರುವಾಗ ಬಟನ್ ಹುಡುಕುತ್ತಾ ಕೂರುವಂತಾಗಬಾರದು. ಪ್ಲಾಸ್ಮಾ ಹಾಕಿದ ದಿನವೇ ಅವರಿಗೆ ಪರಿಚಿತವಾಗಿ ಕಾಣುತ್ತದೆ. ಅದರಲ್ಲಿ ಸೆಟ್ಟಿಂಗ್‌ಗಳು ಜಾಸ್ತಿ, ಹುಡುಗರು ಏನನ್ನಾದರೂ ಒತ್ತಿ ಪಟ್ಟಿಯನ್ನೇ ಮಾಯ ಮಾಡುತ್ತಾರೆ ಅನ್ನುವುದೊಂದೇ ಭಯ.

ಯಾವುದನ್ನೂ ನನ್ನ ಮಾತು ನಂಬಿ ಹಾಕಬೇಡಿ. ಪೆನ್‌ಡ್ರೈವ್‌ನಿಂದಲೇ ಎರಡನ್ನೂ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟುವುದಿಲ್ಲ. ಎರಡು ಮಾನಿಟರ್ ಸಿಕ್ಕಿಸಿ, ಪ್ರಿಂಟರ್‌ನಿಂದ ಒಂದು ಪುಟ ತೆಗೆಯಿರಿ, ಸ್ಕ್ಯಾನರ್ ಓಡಿಸಿ. ಎನ್ವಿಡಿಯಾದ ಡ್ರೈವರ್ ಮಾತ್ರ ಇನ್‌ಸ್ಟಾಲ್ ಆದ ಮೇಲೆ ಹಾಕುವಂಥದ್ದು. ಹಳೇ ವಿಂಡೋಸ್ ಡಿಸ್ಕ್ ಅನ್ನು ಅಳಿಸಬೇಡಿ, ತೆಗೆದು ಡ್ರಾಯರ್‌ನಲ್ಲಿಟ್ಟುಕೊಳ್ಳಿ, ಹಳೇ ನುಡಿ ಫೈಲೊಂದನ್ನು ಕೇಳಿಕೊಂಡು ಯಾರಾದರೂ ಬಂದೇ ಬರುತ್ತಾರೆ. ಮತ್ತೆ, ಮದುವೆ ಸೀಸನ್ ನಡುವೆ ಈ ಕೆಲಸಕ್ಕೆ ಕೈ ಹಾಕಬೇಡಿ. ಆಷಾಢ ಬರಲಿ, ಅಂಗಡಿ ಖಾಲಿ ಇರುತ್ತದೆ.